ಗೌಸ್ ಸಾಹೇಬರ ಕಾಲು

ಮುರಿಯಿತು. ಸದ್ದೇನೂ ಆಗಲಿಲ್ಲ. ಮೈಕ್ರೊಸ್ಕೋಪಿನ ಬೆಳಕಿನ ಬಿಲ್ಲೆಯೊಳಗೆ ಇದ್ದ ಕಪ್ಪು ಎಳೆಯ ತುದಿ ಈಗ ಇರಲಿಲ್ಲ, ಅಷ್ಟೇ. ಲಕ್ಷ್ಮೀಕಾಂತ ಉಸಿರು ಹಿಡಿದುಕೊಂಡೇ ಇದ್ದ. ಉಸಿರು ತಾಕಿ ಮುರಿಯಿತೆಂದು ಹೇಳಿಕೊಳ್ಳುವ ಸಮಾಧಾನವೂ ಇಲ್ಲ.

“ಹೋತೇನ್ರಿ ಸಾರ್?” ಬಾಗಿಲಲ್ಲಿ ನಿಂತ ಅಟೆಂಡರ್ ಕಾಟಪ್ಪ ಕೇಳಿದ.

“ಇಲ್ಲ.”

“ಮತ್ಯಾಕೆ ಮುಖ ಹಂಗೈತೆ?”

“ನಿನಗೇನು ಕೆಲಸ ಇಲ್ವೇನಪ್ಪ?”

ಕಾಟಪ್ಪನಿಗೆ ಕೆಲಸವಿತ್ತು. ಆಪರೇಷನ್ ಥಿಯೇಟರಿನಿಂದ ಅವನನ್ನು ಕಳಿಸಿದ್ದರು. “ಗೌಸ್ ಸಾಬ್ರ ಕಾಲು ಇವತ್ತು ಮಧ್ಯಾಹ್ನಕ್ಕೇ ಅಂತೆ ಸಾರ್. ನಾಳೆಗಿತ್ತು, ಇವತ್ತಿಗೆ ತಂದವ್ರೆ. ಜ್ವರ ಏರೈತಂತೆ. ನಿಮ್ದೇನಾರ ಇದ್ರೆ ಬೆಳಿಗ್ಗೇನೇ ಮುಗಿಸ್ಕಳಾಕೆ ಹೇಳಿದ್ರು ಮುರುಗೇಶಪ್ಪ ಸಾರು.”

“ಗೊತ್ತು,” ಅಂದ ಲಕ್ಷ್ಮೀಕಾಂತ. ಅವನಿಗೆ ಗೊತ್ತಿರಲಿಲ್ಲ.

ಹತ್ತಿಯ ಮೇಲೆ ಮಲಗಿಸಿಟ್ಟಿದ್ದ ಗಾಜಿನ ನಳಿಗೆಗಳಲ್ಲಿ ತುದಿ ನೆಟ್ಟಗಿದ್ದದ್ದು ಇನ್ನೊಂದೇ. ಅದರೊಳಗಿನ ಇಂಗಾಲದ ಎಳೆ ಕೂದಲಿಗಿಂತ ಸಣ್ಣದು. ಬದುಕಿರುವ ಮಾಂಸದೊಳಗೆ ಚುಚ್ಚಿದರೆ, ಅಲ್ಲಿನ ಜೀವಕೋಶಗಳು ಒಳಗೊಳಗೇ ಎಷ್ಟು ಉರಿಯುತ್ತಿವೆ ಎಂಬುದನ್ನು ಅದು ಕರೆಂಟಿನ ಒಂದು ಸಣ್ಣ ಸೆಳೆತದಲ್ಲಿ ಹೇಳಬೇಕು. ಇಲಿಗಳಲ್ಲಿ ಹೇಳಿತ್ತು. ಕೆಲವು ಇಲಿಗಳಲ್ಲಿ.

ಮೊದಲ ವರ್ಷದ ಹುಡುಗರಿಗೆ ಅವನು ಪಾಠ ಮಾಡುತ್ತಿದ್ದದ್ದು ಹೀಗೆ: ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಗಾಳಿ, ಅದೇ ಗಾಳಿಯನ್ನು ನಾವು ಉಸಿರಾಡುತ್ತೇವೆ. ನಮ್ಮನ್ನು ಬದುಕಿಸುವುದೇ ನಮ್ಮನ್ನು ಸುಡುತ್ತಲೂ ಇರುತ್ತದೆ. ಮೈ ಆ ಬೆಂಕಿಯನ್ನು ಹೊತ್ತು ಹೊತ್ತಿಗೆ ಆರಿಸಿಕೊಳ್ಳುತ್ತಿರುತ್ತದೆ. ಆರಿಸಲಾಗದಿದ್ದರೆ ಅದೇ ರೋಗ. ಹೇಳುವಾಗ ತನ್ನ ಧ್ವನಿ ತನಗೇ ಚೆನ್ನಾಗಿ ಕೇಳಿಸುತ್ತಿತ್ತು. ಒಮ್ಮೆ ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. “ಸಾರ್, ಇದು ಪರೀಕ್ಷೆಗೆ ಬರುತ್ತಾ?” ಬರುವುದಿಲ್ಲ ಎಂದ. ಅವಳು ಪೆನ್ನು ಮುಚ್ಚಿದಳು.

ಕಿಟಕಿಯಾಚೆ ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಎರಡು ಸಾವಿರದ ಐದರ ಬೇಸಗೆ. ಅಲ್ಲಿ ಹುಟ್ಟುವ ಕರೆಂಟು ಎಲ್ಲಿಗೆ ಹೋಗುತ್ತಿತ್ತೋ, ಹೆದ್ದಾರಿ ಬದಿಯ ಈ ಕಾಲೇಜಿಗೆ ಬರುತ್ತಿದ್ದದ್ದು ಕಡಿಮೆ. ಬಂದಾಗಲೂ ನೆಟ್ಟಗೆ ಬರುತ್ತಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಯಾರೋ ಫ್ರಿಜ್ಜಿನ ಬಾಗಿಲು ತೆಗೆದರೂ ಅಳತೆಯ ಕಾಗದದ ಮೇಲೆ ಅವನ ಗೆರೆ ನಡುಗುತ್ತಿತ್ತು.

“ಇಲಿ ಸಾಕು ಲಕ್ಷ್ಮೀಕಾಂತ್,” ಅಂದಿದ್ದರು ಮೈಸೂರಿನ ಗೈಡು ಫೋನಿನಲ್ಲಿ. “ಮನುಷ್ಯ ಬೇಕು. ಒಬ್ಬನಾದರೂ ಬೇಕು. ಇಲ್ಲದಿದ್ದರೆ ನಿನ್ನ ಥೀಸಿಸ್ಸಿಗೆ ನಾನು ಸಹಿ ಹಾಕುವುದು ಕಷ್ಟ.”

ಆ ಸಹಿ ಬಿದ್ದರೆ ಅವನು ಡಾಕ್ಟರು. ಈಗ ಅಲ್ಲ. ತಾಳ್ಯದಲ್ಲಿ ಹುಟ್ಟಿ, ಸಿರಿಗೆರೆಯ ಹಾಸ್ಟೆಲಿನಲ್ಲಿ ಓದಿ, ಮೈಸೂರಿನಲ್ಲಿ ಎಮ್ಮೆಸ್ಸಿ ಮುಗಿಸಿ, ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನ ಹೇಳುವ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಡಾಕ್ಟರುಗಳ ಕುರ್ಚಿಯ ಬೆನ್ನಿಗೆ ಬಿಳಿ ಟವೆಲಿತ್ತು, ಅವನ ಕುರ್ಚಿಗೆ ಇರಲಿಲ್ಲ. ವಾರ್ಡಿನಲ್ಲಿ ಮಾತ್ರ ಬಿಳಿ ಕೋಟು ನೋಡಿ ಎಲ್ಲರೂ ಡಾಕ್ಟ್ರೇ ಎನ್ನುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದ. ಆಮೇಲೆ ಬಿಟ್ಟ. ಈಚೆಗೆ, ಏನಾದರೂ ನೆಪ ಮಾಡಿಕೊಂಡು ವಾರ್ಡಿನ ಕಡೆಯಿಂದಲೇ ಊಟಕ್ಕೆ ಹೋಗುತ್ತಿದ್ದ.

ಉಳಿದ ನಳಿಗೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟ. ಹಿಂದೆ ಕಾಟಪ್ಪ ಬ್ಯಾಟರಿ, ಆಂಪ್ಲಿಫೈಯರಿನ ಡಬ್ಬಿ, ಕಾಗದದ ಮೇಲೆ ಗೆರೆ ಎಳೆಯುವ ಹಳೇ ಯಂತ್ರ ಇವನ್ನೆಲ್ಲ ಟ್ರಾಲಿಯಲ್ಲಿ ತಳ್ಳಿಕೊಂಡು ಬಂದ. ಟ್ರಾಲಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು.

“ಎಣ್ಣೆ ಬಿಡು ಅಂದಿದ್ನಲ್ಲ.”

“ಬಿಟ್ಟೀನಿ ಸಾರ್. ಎಣ್ಣೆ ಬಿಟ್ಟ ಮ್ಯಾಲೇ ಹಿಂಗೆ.”

*

ಮಹಮ್ಮದ್ ಗೌಸ್ ಸಂತೇಪೇಟೆ ಹಿಂದಿನ ಓಣಿಯ ಕಲಾಯಿ ಕಸುಬಿನವರು. ಮದುವೆಮನೆಯ ತಾಮ್ರದ ಹಂಡೆಗಳಿಗೆ ತವರ ಬಳಿಯುವುದು. ಬಳಿಯುವ ಮೊದಲು ಹಂಡೆಯೊಳಗೆ ಮರಳು, ನಾರು ಹಾಕಿ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದು, ಸೊಂಟ ತಿರುಗಿಸುತ್ತ ತುಳಿದು ಉಜ್ಜಬೇಕು. ಸ್ಟೀಲು ಬಂದು ಕಲಾಯಿ ಹೋಯಿತು. ಆಮೇಲೆ ಸ್ಟೋವು ರಿಪೇರಿ. ಆಮೇಲೆ ಸಕ್ಕರೆ ಕಾಯಿಲೆ. ಚಳಿಗಾಲದಲ್ಲಿ ಯಾವುದೋ ಮಠದ ಹಳೇ ಕೊಪ್ಪರಿಗೆಯೊಂದು ಕಲಾಯಿಗೆ ಬಂತು. ಕುಲುಮೆಯ ಕೆಂಡವೊಂದು ಸಿಡಿದು ಪಾದದ ಮೇಲೆ ಕೂತದ್ದು ಅವರಿಗೆ ತಿಳಿಯಲಿಲ್ಲ.

“ವಾಸನೆ ಬಂತು ಸಾಬ್,” ಅಂದಿದ್ದರು ಮೊದಲ ಸಲ ಮಾತಾಡಿಸಿದಾಗ. “ಯಾರ್ದೋ ಏನೋ ಸುಡಕತ್ತೈತೆ ಅಂದ್ಕಂಡೆ. ಬಗ್ಗಿ ನೋಡಿದ್ರೆ ನಂದೇ.”

ಈಗ ಬೆರಳುಗಳು ಕಪ್ಪಾಗಿದ್ದವು. ಕಪ್ಪು ಪಾದದ ಮೇಲಿನ ಗಿಣ್ಣಿನವರೆಗೆ ಏರಿತ್ತು. ಮೊಣಕಾಲ ಕೆಳಗೆ ತೆಗೆಯುವುದೆಂದು ಸರ್ಜನ್ ಮುರುಗೇಶಪ್ಪ ತೀರ್ಮಾನಿಸಿದ್ದರು. ಲಕ್ಷ್ಮೀಕಾಂತನಿಗೆ ಸೂಜಿ ಚುಚ್ಚಲು ಕಾಲೇಜಿನ ಕಮಿಟಿ ಕೊಟ್ಟ ಅನುಮತಿಯ ಷರತ್ತೂ ಅದೇ ಆಗಿತ್ತು: ಹೇಗೂ ತೆಗೆಯುವ ಕಾಲಿಗೆ ಮಾತ್ರ. ಅಲ್ಲಿ ಕೆಡಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಒಪ್ಪಿಗೆಯ ಸಹಿ ಪಡೆಯುವಾಗ ಅವನು ಎಲ್ಲವನ್ನೂ ಹೇಳಿದ್ದ. ಆಮ್ಲಜನಕ, ತುಕ್ಕು, ಜೀವಕೋಶ. ಗೌಸ್ ಸಾಹೇಬರು ಕಣ್ಣು ಮಿಟುಕಿಸದೆ ಕೇಳಿದ್ದರು. ಹೆಂಡತಿ ದಿಲ್ಶಾದ್ ಬೇಗಂ ಸೆರಗು ಕಚ್ಚಿಕೊಂಡು ಕೇಳಿದ್ದರು. ಏನೂ ತಿಳಿಯಲಿಲ್ಲವೆಂದು ಕಂಡು, ಸುಲಭ ಮಾಡಲು ಹೋಗಿ ಅಂದಿದ್ದ: “ಕಾಲಲ್ಲಿ ಜೀವ ಎಷ್ಟಿದೆ ಅಂತ ನೋಡ್ತೀವಿ, ಅಷ್ಟೇ.”

ಅದು ತಿಳಿಯಿತು. ಅದೊಂದೇ ತಿಳಿಯಿತು.

ಮಾರನೇ ದಿನದಿಂದ ದಿಲ್ಶಾದ್ ಬೇಗಂ ಅವನು ಬಂದರೆ ಎದ್ದು ನಿಲ್ಲುತ್ತಿದ್ದರು. ಡಿ.ಎಡ್. ಓದುವ ಮಗಳು ನೂರೀನ್ ಕುರ್ಚಿ ಒರೆಸುತ್ತಿದ್ದಳು. ಅವರ ಲೆಕ್ಕದಲ್ಲಿ ಮುರುಗೇಶಪ್ಪ ಕಾಲು ಕೊಯ್ಯುವ ಡಾಕ್ಟರು, ಇವನು ಉಳಿಸುವ ಡಾಕ್ಟರು. ತಿದ್ದಬೇಕೆಂದು ಪ್ರತಿ ಸಲವೂ ಅಂದುಕೊಂಡ. ಆದರೆ ಪ್ರತಿ ಸಲವೂ ಯಂತ್ರ ಕೈಕೊಡುತ್ತಿತ್ತು, ನಾಳೆ ಮತ್ತೆ ಚುಚ್ಚಬೇಕಾಗುತ್ತಿತ್ತು. ನಾಳೆ ಮತ್ತೆ ಕಾಲು ಚಾಚಲು ಅವರಿಗೊಂದು ಕಾರಣ ಬೇಕಿತ್ತು.

*

“ಬರ್ರಿ ಡಾಕ್ಟ್ರೇ, ಕುಂತ್ಕಳ್ರಿ,” ಅಂದರು ಗೌಸ್. ಜ್ವರದಲ್ಲಿ ಕಣ್ಣು ಹೊಳೆಯುತ್ತಿತ್ತು. ಗಡ್ಡ ಯಾರೋ ಬಾಚಿದ್ದರು.

“ಇವತ್ತೂ ಸ್ವಲ್ಪ ಚುಚ್ಚಬೇಕು.”

“ಚುಚ್ರಿ. ನನಗೇನು ಗೊತ್ತಾಗ್ತೈತಾ?”

ಕಪ್ಪು ಮುಗಿದು ಕೆಂಪು ಶುರುವಾಗುವ ಕಡೆ, ಗಿಣ್ಣಿನ ಮೇಲೆ, ಸ್ಪಿರಿಟ್ಟಿನಿಂದ ಒರೆಸಿದ. ನಳಿಗೆಯನ್ನು ಇಳಿಸಿದ. ಕಾಗದ ಸರಿಯತೊಡಗಿತು, ಪೆನ್ನು ಎಂದಿನಂತೆ ನಡುಗಿತು. ಫ್ಯಾನು ಆರಿಸಲು ಹೇಳಿದ. ಪಕ್ಕದ ಹಾಸಿಗೆಯವರು ಗೊಣಗಿದರು. ನಡುಕ ಹಾಗೇ ಇತ್ತು. ಟ್ಯೂಬ್‌ಲೈಟು ಆರಿಸಲು ಹೇಳಿದ. ನರ್ಸಮ್ಮ ಬಂದು, “ಇದೇನ್ ಸಾರ್ ದಿನಾ?” ಅಂದಳು. ಅವನು ಹಲ್ಲು ಕಚ್ಚಿದ. ಯಾರ ಮೇಲೆಂದು ತಿಳಿಯದ ಸಿಟ್ಟು ಕೈಗೆ ಇಳಿಯುತ್ತಿತ್ತು. ಕೈಗೆ ಇಳಿದರೆ ತುದಿ ಮುರಿಯುತ್ತದೆ.

ಆಗ ಕರೆಂಟು ಹೋಯಿತು. ಇಡೀ ಆಸ್ಪತ್ರೆಯದು.

ಕತ್ತಲಲ್ಲ, ಬೆಳಗಿನ ಬೆಳಕಿತ್ತು. ಸದ್ದು ಮಾತ್ರ ಹೋಯಿತು. ಎಲ್ಲ ಮೋಟಾರುಗಳೂ, ಎಲ್ಲ ಫ್ಯಾನುಗಳೂ ಒಟ್ಟಿಗೆ ಸುಮ್ಮನಾದವು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಅವನ ಯಂತ್ರದ ಪೆನ್ನು ಒಮ್ಮೆ ಎಡಕ್ಕೆ ಹಾರಿ, ತಿರುಗಿ ಬಂದು, ನಿಂತಿತು. ಆಮೇಲೆ ಏರತೊಡಗಿತು. ನಡುಗದೆ, ತಡವರಿಸದೆ, ಒಂದು ಶುದ್ಧ ಗೆರೆ. ಇಲಿಗಳಲ್ಲಿ ಎಂದೂ ಕಾಣದಷ್ಟು ಎತ್ತರಕ್ಕೆ ಏರಿ, ಅಲ್ಲೇ ಸ್ಥಿರವಾಗಿ ಓಡಿತು.

ಲಕ್ಷ್ಮೀಕಾಂತ ಅದನ್ನು ನೋಡುತ್ತ ಕೂತ. ಆ ಕಾಲಿನೊಳಗೆ ಏನೋ ಧಗಧಗಿಸುತ್ತಿತ್ತು. ಸತ್ತ ಮಾಂಸ ಹೀಗೆ ಉರಿಯುವುದಿಲ್ಲ.

“ಸಾರ್,” ಅಂದಳು ನೂರೀನ್ ಬೆನ್ನ ಹಿಂದಿನಿಂದ. “ಜೀವ ಐತಾ?”

“ಇದೆ!” ಅಂದ.

ಅಂದ ಮೇಲೆ ತಾನು ಅಂದದ್ದನ್ನು ಕೇಳಿಸಿಕೊಂಡ. ದಿಲ್ಶಾದ್ ಬೇಗಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ್ದರು. ಗೌಸ್ ಸಾಹೇಬರು ದಿಂಬಿನಿಂದ ತಲೆಯೆತ್ತಿ, ಬಹಳ ದಿನಗಳಿಂದ ನೋಡದಿದ್ದ ತಮ್ಮ ಪಾದವನ್ನು ನೋಡಿಕೊಂಡರು.

ಹಾಗಲ್ಲ ಎಂದು ಹೇಳಬೇಕಿತ್ತು. ಅವನು ಕಾಗದವನ್ನು ಸುರುಳಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ನಳಿಗೆಯನ್ನು ಮುರಿಯದಂತೆ ಹೊರತೆಗೆದು, “ಆಮೇಲೆ ಬರ್ತೀನಿ,” ಎಂದು ಹೊರಟ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಮೇಲಕ್ಕೆ ಬಂದ ಮೇಲೆ ತಾನು ಯಾವುದೋ ಹಾಡು ಗುನುಗುತ್ತಿರುವುದು ತಿಳಿದು ನಿಲ್ಲಿಸಿದ.

*

ಮುರುಗೇಶಪ್ಪ ಬಾಗಿಲು ತಟ್ಟದೆ ಒಳಗೆ ಬಂದರು. ಹಸಿರು ಉಡುಪಿನಲ್ಲೇ ಇದ್ದರು.

“ಏನಪ್ಪ ಹೇಳಿದೆ ಅವರಿಗೆ?”

“ಏನೂ ಇಲ್ಲ ಸರ್.”

“ಕಾಲಲ್ಲಿ ಜೀವ ಇದೆ ಅಂದ್ಯಂತೆ. ಕೊಯ್ಯಾಕೆ ಬಿಡಲ್ಲ ಅಂತಾ ಇದಾರೆ. ಸೂಜಿ ಡಾಕ್ಟ್ರು ಹೇಳಿದಾರೆ, ಕಾಲು ಉಳೀತೈತೆ ಅಂತಾರೆ.” ಸೂಜಿ ಡಾಕ್ಟ್ರು ಎಂಬುದನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು.

“ಗೆರೆ ಮಾತ್ರ ಚೆನ್ನಾಗಿ ಬಂತು ಸರ್. ಇಷ್ಟು ಚೆನ್ನಾಗಿ…”

“ಗೆರೆ ಏನ್ ಹೇಳ್ತದೆ? ಕಾಲು ಉಳಿಯುತ್ತೆ ಅಂತ ಹೇಳ್ತದಾ?”

ಲಕ್ಷ್ಮೀಕಾಂತ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. ಆ ಉರಿ ಕೀವಿನೊಡನೆ ಹೋರಾಡುತ್ತಿರುವ ರಕ್ತಕಣಗಳದ್ದಿರಬಹುದು. ಸಾಯುತ್ತಿರುವ ಸ್ನಾಯುವಿನದ್ದೂ ಇರಬಹುದು. ಎರಡೂ ಒಂದೇ ಎತ್ತರಕ್ಕೆ ಏರುತ್ತವೆ. ಐದು ವರ್ಷ ಕೂದಲೆಳೆಯ ತುದಿ ಕಟ್ಟುತ್ತ ಕೂತವನಿಗೆ ಇದನ್ನು ಯಾರೂ ಇಷ್ಟು ಸರಳವಾಗಿ ಕೇಳಿರಲಿಲ್ಲ.

“ಅದು ಹೇಳಲ್ಲ ಸರ್,” ಅಂದ.

“ಮತ್ತೆ ಏನ್ ಹೇಳ್ತದೆ?”

“ಉರಿ ಇದೆ ಅಂತ.”

“ಅದು ನನಗೂ ಗೊತ್ತಲ್ಲಪ್ಪ, ಮುಟ್ಟಿದ್ರೆ ಬಿಸಿ ಐತೆ!” ಮುರುಗೇಶಪ್ಪ ಕೂತರು. ಧ್ವನಿ ತಗ್ಗಿತು, ಅದು ಇನ್ನೂ ಕೆಟ್ಟದಾಗಿತ್ತು. “ನೋಡು, ನಂಜು ರಕ್ತಕ್ಕೆ ಏರೈತೆ. ಇವತ್ತು ತೆಗೀಲಿಲ್ಲ ಅಂದ್ರೆ ಆ ಮನುಷ್ಯ ಭಾನುವಾರ ನೋಡಲ್ಲ. ನಾನು ಹೇಳಿದ್ರೆ ನಂಬಲ್ಲ, ನೀನು ಹೇಳಿದ್ರೆ ನಂಬ್ತಾರೆ. ಹೋಗಿ ಹೇಳು.”

“ಏನಂತ ಹೇಳ್ಲಿ ಸರ್?”

“ಏನಾದ್ರೂ ಹೇಳು. ಬೇಗ ಹೇಳು.”

ಅವನು ವಾರ್ಡಿಗೆ ನಡೆದ. ದಾರಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯಗಳನ್ನು ಕಟ್ಟಿದ. ಜೀವ ಇರುವುದು ಬೇರೆ, ಉಳಿಯುವುದು ಬೇರೆ. ಉರಿಯುವ ಮನೆಯಲ್ಲಿ ಬೆಳಕಿರುತ್ತದೆ, ಹಾಗೆಂದು… ಒಂದೊಂದೂ ಕಟ್ಟಿದಂತೆಲ್ಲ ಕುಸಿದುಬಿತ್ತು. ದಿಲ್ಶಾದ್ ಬೇಗಂ ಆಗಲೇ ಎದ್ದು ನಿಂತಿದ್ದರು. ಕಬ್ಬಿಣದ ಕಪಾಟಿನ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಕಲ್ಲುಸಕ್ಕರೆ ಇತ್ತು. ತಟ್ಟೆಯನ್ನು ಅವನ ಮುಂದೆ ಹಿಡಿದರು.

“ಬಾಯಿ ಸಿಹಿ ಮಾಡ್ಕಳ್ರಿ ಸಾಬ್.”

“ಯಂತ್ರ ಕೆಟ್ಟಿತ್ತು,” ಅಂದ ಲಕ್ಷ್ಮೀಕಾಂತ.

ಹಿಡಿದ ತಟ್ಟೆ ಹಾಗೇ ಇತ್ತು.

“ಬೆಳಿಗ್ಗೆ ಬಂದದ್ದು ತಪ್ಪು. ಕರೆಂಟು ಹೋಯ್ತಲ್ಲ, ಅದಕ್ಕೆ ಹಾಗೆ ತೋರಿಸ್ತು. ಸುಳ್ಳು ಗೆರೆ ಅದು. ಮುರುಗೇಶಪ್ಪ ಸಾರು ಹೇಳೋದೇ ಸರಿ. ತಡ ಮಾಡಬೇಡಿ.”

ಪಕ್ಕದ ಹಾಸಿಗೆಯವನು ಕೆಮ್ಮುವುದನ್ನು ತಡೆದುಕೊಂಡ.

“ಕರೆಂಟು ಹೋದ ಮೇಲೇ ಅಲ್ವಾ ಸಾರ್ ಅದು ನೆಟ್ಟಗಾಗಿದ್ದು?” ಅಂದಳು ನೂರೀನ್. ವಾದಕ್ಕಲ್ಲ, ಲೆಕ್ಕ ತಾಳೆಯಾಗದ ಮಗು ಕೇಳಿದಂತೆ ಕೇಳಿದಳು.

“ಅದೇ ದೋಷ,” ಅಂದ.

ಗೌಸ್ ಸಾಹೇಬರು ಕಾಲಿನ ಮೇಲೆ ಹೊದಿಕೆ ಎಳೆದುಕೊಂಡರು. ಎಳೆದುಕೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಕೈ ಹಚ್ಚಲಿಲ್ಲ.

“ಕೊಯ್ಯಲಿ ಬಿಡ್ರಿ,” ಅಂದರು. “ಯಂತ್ರ ಅಂದ ಮ್ಯಾಲೆ ಕೆಡತೈತೆ.”

*

ಊಟದ ಹೊತ್ತಿಗೆ ಹೊಸದುರ್ಗದಿಂದ ಹೆಂಡತಿ ಬೃಂದಾ ಫೋನು ಮಾಡಿದಳು. ಅಲ್ಲಿನ ಹೈಸ್ಕೂಲಿನಲ್ಲಿ ಅವಳಿಗೆ ಕೆಲಸ. ಮದುವೆಯಾದಾಗಿನಿಂದ ಶನಿವಾರ ಅವನು ಅಲ್ಲಿಗೋ ಅವಳು ಇಲ್ಲಿಗೋ. ಈಚೆಗೆ ಶನಿವಾರಗಳು ತಪ್ಪುತ್ತಿದ್ದವು.

“ಶನಿವಾರ ಬರ್ತೀರಾ?”

“ನೋಡಬೇಕು. ಗೆರೆ ಸಿಕ್ಕಿತು ಇವತ್ತು.”

“ಯಾವ ಗೆರೆ?”

ವಿವರಿಸಲು ಶುರುಮಾಡಿದ. ಅರ್ಧದಲ್ಲಿ ಆ ಕಡೆಯ ಮೌನ ಕೇಳುವ ಮೌನವಲ್ಲವೆಂದು ತಿಳಿಯಿತು; ಅವಳು ಉತ್ತರಪತ್ರಿಕೆ ತಿರುವುತ್ತಿದ್ದಳು.

“ಆಯ್ತು. ನೋಡಿ ಹೇಳಿ,” ಅಂದಳು. ಇಟ್ಟಳು.

ಅವನು ಮೈಸೂರಿಗೆ ಮಾಡಿದ. ಗೈಡು ಗೆರೆಯ ಎತ್ತರ ಕೇಳಿದರು. ಎಷ್ಟು ಹೊತ್ತು ನಿಂತಿತು ಎಂದು ಕೇಳಿದರು. ಅವರ ಧ್ವನಿಯಲ್ಲಿ ಅವನು ಈವರೆಗೆ ಕೇಳದ ಒಂದು ಲವಲವಿಕೆ ಇತ್ತು. ಆಮೇಲೆ ಅಂದರು: “ಅದು ಜೀವದ್ದೇ ಅಂತ ಹೇಗೆ ಹೇಳ್ತೀಯ? ಯಂತ್ರದ ದೋಷ ಇರಬಹುದಲ್ಲ?”

ಲಕ್ಷ್ಮೀಕಾಂತ ನಗಬೇಕೆಂದುಕೊಂಡ.

“ಅದೇ ಜಾಗದಲ್ಲಿ, ಕಾಲು ತೆಗೆದ ಮೇಲೆ ಇನ್ನೊಮ್ಮೆ ಚುಚ್ಚು. ರಕ್ತ ನಿಂತ ಮೇಲೆ ಗೆರೆ ಇಳಿದರೆ, ಬೆಳಿಗ್ಗೆಯದು ಜೀವದ ಗೆರೆ. ಇಳಿಯದೆ ಹಾಗೇ ನಿಂತರೆ, ದೋಷ. ಬಹಳ ತಡ ಮಾಡಬೇಡ, ಬಿಸಿ ಇರುವಾಗಲೇ ಮಾಡು.”

ಗೈಡುಗಳು ಗೈಡುಗಳಾಗುವುದು ಇದಕ್ಕೇ. ಬಹಳ ಸರಳವಾದ, ಬಹಳ ಸರಿಯಾದ ಸಲಹೆ ಅದು.

ಥಿಯೇಟರಿನ ಹೊರಗೆ ಕಾಟಪ್ಪನನ್ನು ಹಿಡಿದ. “ತೆಗೆದ ತಕ್ಷಣ ಮೇಲೆ ತಗಂಡು ಬಾ. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಅವರಿಗೆ ಕೊಡು.”

ಕಾಟಪ್ಪ ತಲೆ ಕೆರೆದುಕೊಂಡ. “ಅವ್ರು ಕೇಳ್ತಾ ಅವ್ರೆ ಸಾರ್. ಮಣ್ಣು ಮಾಡ್ಬೇಕಂತೆ. ಹೊತ್ತು ಮುಳುಗಾದ್ರಾಗೆ ಆದ್ರೆ ಚೊಲೊ ಅಂತಾರೆ.”

“ಸ್ವಲ್ಪ ಹೊತ್ತು ಅಂದ್ನಲ್ಲ. ಒಪ್ಪಿಗೆ ಇದೆ.”

ಒಪ್ಪಿಗೆ ಇತ್ತು. ಎಲ್ಲದಕ್ಕೂ ಇತ್ತು.

*

ಹಸಿರು ಬಟ್ಟೆಯಲ್ಲಿ ಸುತ್ತಿದ ಕಾಲು ಮೇಜಿನ ಮೇಲಿತ್ತು. ಅದು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕಾಟಪ್ಪ ಅದನ್ನು ಇಟ್ಟವನು ನಿಲ್ಲಲಿಲ್ಲ.

ಲಕ್ಷ್ಮೀಕಾಂತ ಗಿಣ್ಣಿನ ಕಡೆ ಮಾತ್ರ ಬಟ್ಟೆ ಸರಿಸಿದ. ಬೆಳಿಗ್ಗೆ ಚುಚ್ಚಿದ ಗುರುತು ಹುಡುಕಿದ, ಸಿಕ್ಕಿತು. ನಳಿಗೆ ಇಳಿಯಿತು, ತುದಿ ಮುರಿಯಲಿಲ್ಲ. ಕಾಗದ ಸರಿಯಿತು.

ಪೆನ್ನು ಏರಿತು. ಬೆಳಗಿನಷ್ಟಲ್ಲ, ಆದರೆ ಏರಿತು. ಆಮೇಲೆ ಇಳಿಯತೊಡಗಿತು.

ಅವನು ಮುಖವನ್ನು ಕಾಗದದ ಹತ್ತಿರ ತಂದ. ಎಷ್ಟು ಚೆಂದ ಇಳಿಯುತ್ತಿತ್ತು! ಅವಸರವಿಲ್ಲದೆ, ಗುಡ್ಡದ ಇಳಿಜಾರಿನಂತೆ. ಹಾಗಾದರೆ ಬೆಳಗಿನದು ನಿಜ. ನಿಜವಾಗಿಯೂ ಜೀವವೇ ಅದು. ಇದು ಅದು ಹೋಗುತ್ತಿರುವ ದಾರಿ. ಈ ಇಳಿತವನ್ನು ಮನುಷ್ಯನ ಮೈಯಲ್ಲಿ ಹೀಗೆ ಯಾರೂ ಕಂಡಿರಲಾರರು. ಇಷ್ಟು ವರ್ಷಗಳ ಮುರಿದ ತುದಿಗಳು, ಟವೆಲಿಲ್ಲದ ಕುರ್ಚಿ, ತಪ್ಪಿದ ಶನಿವಾರಗಳು, ಯಾವುದೂ ಈಗ ಇರಲಿಲ್ಲ. ಅವನು ಸುಖವಾಗಿದ್ದ. ಅದನ್ನು ಬೇರೆ ಯಾವ ಮಾತಿನಿಂದಲೂ ಹೇಳುವಂತಿಲ್ಲ.

“ಅಮ್ಮಿ ಕೇಳ್ತಿದಾರೆ, ಕೊಡ್ತೀರಾ ಅಂತ.”

ನೂರೀನ್ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಅವನು ಎದ್ದ. ಅವಳು ತಂದೆಯ ಕಾಲನ್ನು ನೋಡಲಿಲ್ಲ. ಯಂತ್ರವನ್ನು ನೋಡುತ್ತಿದ್ದಳು. ಪೆನ್ನು ತನ್ನಷ್ಟಕ್ಕೆ ಇಳಿಯುತ್ತಲೇ ಇತ್ತು.

“ಯಂತ್ರ ಕೆಟ್ಟೈತೆ ಅಂದ್ರಲ್ಲ ಸಾರ್.”

“ಹೌದು.”

“ಮತ್ತೆ?”

“ರಿಪೇರಿ ಮಾಡ್ತಾ ಇದ್ದೆ.”

ಅವಳು ತಲೆಯಾಡಿಸಿದಳು. ನಂಬಿದ್ದಕ್ಕಲ್ಲ, ಇನ್ನು ಕೇಳುವುದಿಲ್ಲ ಎಂಬುದಕ್ಕೆ.

ಅವನು ಹೇಳಬಹುದಿತ್ತು. ಬೆಳಗಿನದೂ ನಿಜ ಕಣಮ್ಮ, ಆಮೇಲೆ ಹೇಳಿದ್ದು ಸುಳ್ಳು, ಆದರೆ ಆ ಸುಳ್ಳು ಹೇಳದಿದ್ದರೆ ನಿಮ್ಮಪ್ಪ ಉಳಿಯುತ್ತಿರಲಿಲ್ಲ. ವಾಕ್ಯ ಸರಿಯಾಗಿತ್ತು. ಆದರೆ ಅದರಲ್ಲಿ ಈ ಮೇಜಿಗೆ, ತಾನು ಇದರ ಮುಂದೆ ಕೂತಿದ್ದ ರೀತಿಗೆ ಜಾಗವಿರಲಿಲ್ಲ. ಅವಳು ಕಂಡದ್ದು ಅದನ್ನೇ. ತನ್ನ ಮುಖದಲ್ಲಿ ಆಗ ಏನಿತ್ತೆಂಬುದನ್ನು ಅವನು ಮಾತ್ರ ನೋಡಿರಲಿಲ್ಲ.

*

ಗೌಸ್ ಸಾಹೇಬರಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಬದುಕುತ್ತಾರೆ ಎಂದು ಮುರುಗೇಶಪ್ಪ ಹೇಳಿದ್ದರು. ವರಾಂಡದಲ್ಲಿ ದಿಲ್ಶಾದ್ ಬೇಗಂ ಬಿಳಿ ಬಟ್ಟೆ, ಅದರ ಮೇಲೆ ಹಾಕಲು ಮನೆಯ ಹಳೇ ಕಂಬಳಿ ಹಿಡಿದು ಕಾಯುತ್ತಿದ್ದರು. ಹೊಳಲ್ಕೆರೆಯಿಂದ ಅವರ ತಮ್ಮ ಬರಬೇಕಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಫೋನು ಬಂದಿತ್ತು. ಹೊತ್ತು ಇಳಿಯುತ್ತಿತ್ತು. ಗಂಡನ ಹತ್ತಿರ ಯಾರಾದರೂ ಇರಬೇಕು, ಖಬರಸ್ತಾನಕ್ಕೆ ಹೆಂಗಸರು ಹೋಗುವ ಹಾಗಿಲ್ಲ.

“ಓಣಿಯವರು ಯಾರೂ ಇಲ್ವಾ?” ಅಂದ ಲಕ್ಷ್ಮೀಕಾಂತ.

“ಎಲ್ಲಾ ಕೆಲ್ಸಕ್ಕೆ ಹೋಗಿರ್ತಾರೆ ಸಾಬ್. ಹೇಳಿ ಕಳ್ಸೀನಿ.”

“ಸಾರ್ ತಗಂಡು ಹೋಗ್ಲಿ ಅಮ್ಮಿ,” ಅಂದಳು ನೂರೀನ್.

ಅವನು ಅವಳ ಕಡೆ ನೋಡಿದ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬೇಡ ಎನ್ನುವುದು ಸುಲಭವಿತ್ತು.

“ಅವ್ರಿಗ್ಯಾಕೆ ತೊಂದ್ರೆ ಬೇಟಿ…”

“ಅವ್ರೇ ಕೊನೇ ತನಕ ನೋಡ್ಕಂಡಿದ್ದು,” ಅಂದಳು.

ದಿಲ್ಶಾದ್ ಬೇಗಂ ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. “ನಿಮ್ಮ ಮ್ಯಾಲೆ ಅವ್ರಿಗೆ ಭಾಳ ಭರೋಸ ಸಾಬ್. ಯಂತ್ರ ಕೆಟ್ರೆ ನೀವೇನ್ ಮಾಡ್ತೀರಿ.”

ಕಂಬಳಿಯ ಗಂಟನ್ನು ಸ್ಕೂಟರಿನ ಮುಂದೆ, ಕಾಲಿಡುವ ಹಲಗೆಯ ಮೇಲೆ ನಿಲ್ಲಿಸಿಕೊಂಡ. ತನ್ನ ಎರಡು ಪಾದಗಳನ್ನು ಅದರ ಅತ್ತಿತ್ತ ಊರಿದ. ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಕೆಂಧೂಳೆಬ್ಬಿಸುತ್ತ ಸಾಲುಗಟ್ಟಿ ಹೋಗುತ್ತಿದ್ದವು. ಗಾಂಧಿ ಸರ್ಕಲ್ಲಿನಲ್ಲಿ ಕಾಲೇಜಿನ ಯಾರೋ ಹುಡುಗರು, “ಗುಡ್ ಈವ್ನಿಂಗ್ ಸಾರ್,” ಅಂದರು. ಇವನೂ ಅಂದ. ರಸ್ತೆಯ ಪ್ರತಿ ಉಬ್ಬಿಗೂ ಗಂಟು ಅವನ ಮೊಣಕಾಲಿಗೆ ಮೆಲ್ಲಗೆ ಒರಗುತ್ತಿತ್ತು. ಮೊದಮೊದಲು ಸರಿಸಿದ. ಆಮೇಲೆ ಒರಗಲು ಬಿಟ್ಟ.

ಖಬರಸ್ತಾನದ ಗೇಟಿನೊಳಗೆ ಹುಣಸೇಮರದ ಕೆಳಗೆ ಗುಂಡಿ ತೋಡುವ ಮುದುಕ ಬೀಡಿ ಸೇದುತ್ತ ಕೂತಿದ್ದ. ಸುದ್ದಿ ಅವನಿಗೆ ತಲುಪಿತ್ತು.

“ಕಲಾಯಿ ಗೌಸ್‌ದಾ? ಎಡಗಾಲೋ ಬಲಗಾಲೋ?”

ಲಕ್ಷ್ಮೀಕಾಂತನಿಗೆ ಒಂದು ಕ್ಷಣ ನೆನಪಾಗಲಿಲ್ಲ. ಇಷ್ಟು ದಿನ ಚುಚ್ಚಿದ್ದ.

“ಬಲಗಾಲು,” ಅಂದ, ಸುಮ್ಮನೆ.

“ಮನುಷ್ಯ ಬದುಕವ್ನಾ?”

“ಇದ್ದಾರೆ.”

“ಹಂಗಾರೆ ಈ ಕಡೆ ತೋಡಾಣ,” ಅಂದ ಮುದುಕ, ಗೋಡೆಯ ಬದಿಯ ಖಾಲಿ ನೆಲವನ್ನು ಸನಿಕೆಯಿಂದ ತೋರಿಸುತ್ತ. “ಮಗ್ಗುಲಾಗೆ ಜಾಗ ಇರ್ಲಿ. ಮಿಕ್ಕಿದ್ದು ಬಂದಾಗ ಹುಡುಕೋದು ತಪ್ತೈತೆ.”

ಬೀಡಿ ಎಸೆದು ಎದ್ದ. ಲುಂಗಿ ಎತ್ತಿ ಕಟ್ಟಿದ. ಸ್ಕೂಟರಿನ ಮೇಲೆ ಕಂಬಳಿಯ ಗಂಟು ದಪ್ಪಗೆ, ಆಕಾರವಿಲ್ಲದೆ ನಿಂತಿತ್ತು.

“ಎಷ್ಟುದ್ದ ಐತೆ? ಬಿಚ್ಚಾದು ಬ್ಯಾಡ, ಕೈಯಾಗೆ ತೋರ್ಸ್ರಿ.”

ಲಕ್ಷ್ಮೀಕಾಂತ ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈಗಳನ್ನು ಎದುರುಬದುರು ಹಿಡಿದ. ಇಷ್ಟು, ಅನ್ನಿಸಿತು. ಅಲ್ಲ, ಇನ್ನೂ ಸ್ವಲ್ಪ. ಅಂಗೈಗಳನ್ನು ಅಗಲಿಸಿದ. ಬಹಳವಾಯಿತು. ಒಳಕ್ಕೆ ತಂದ. ಅವನು ಗಿಣ್ಣಿನ ಸುತ್ತ ಒಂದು ಅಂಗುಲ ಬಿಟ್ಟು ಆ ಕಾಲಿನ ಬೇರೆ ಯಾವ ಭಾಗವನ್ನೂ ನೋಡಿರಲಿಲ್ಲ.

ಮುದುಕ ಸನಿಕೆಯ ಹಿಡಿಯನ್ನು ಅಡ್ಡಲಾಗಿ ಎತ್ತಿ, ಆ ಎರಡು ಅಂಗೈಗಳ ನಡುವೆ ತಂದು, ಕಣ್ಣು ಕಿರಿದು ಮಾಡಿ ನೋಡಿದ. ಹಿಡಿಯ ಮೇಲೆ ಹೆಬ್ಬೆರಳಿಟ್ಟು ಗುರುತು ಮಾಡಲು ಹೋದ. ಬೆರಳು ಸರಿಸಿದ. ಮತ್ತೆ ಇಟ್ಟ.

“ಕೈ ಅಲ್ಲಾಡಿಸ್ಬ್ಯಾಡ್ರಿ ಸಾಬ್,” ಅಂದ. “ಅಳತೆ ಸಿಗಂಗಿಲ್ಲ.”

ಬೆಳಕು ಹೋಗುತ್ತಿತ್ತು. ಲಕ್ಷ್ಮೀಕಾಂತ ಕೈಗಳನ್ನು ಹಾಗೇ ಹಿಡಿದು ನಿಂತಿದ್ದ.